ಹೊರಬಲ್ಲ ತೂಕ, ಹೊರಬಾರದ ತೂಕ

ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತದ ಧಾರಣೆ ಕೇಳಿದರೆ 75 ಕಿಲೋ ಚೀಲಕ್ಕೆ ಇಷ್ಟು ಎಂದೇ ಉತ್ತರ ಬರುತ್ತದೆ. ಕೇಂದ್ರ ಸರ್ಕಾರ ಬೆಂಬಲ ಬೆಲೆ ಸಾರುವುದು ಕ್ವಿಂಟಲಿಗೆ. ಎಪಿಎಂಸಿಯ ಆನ್‌ಲೈನ್ ಟೆಂಡರಿನಲ್ಲಿ ದರ ನಮೂದಾಗುವುದೂ ಕ್ವಿಂಟಲಿಗೇ. ಹಾಗಿದ್ದರೂ ಮಾತಿನಲ್ಲಿ, ಲೆಕ್ಕದಲ್ಲಿ, ಕಾಟಾದ ಮೇಲೆ ಉಳಿದುಕೊಂಡಿರುವುದು 75 ಕಿಲೋದ ಚೀಲ. ಇದು ವ್ಯಾಪಾರದ ಅನಿವಾರ್ಯತೆಯಲ್ಲ, ವಾಡಿಕೆ. ಆದರೆ ಆ ಚೀಲವನ್ನು ಲಾರಿಗೆ ಏರಿಸುವ ಹಮಾಲಿಯ ಮಟ್ಟಿಗೆ ಅದು ವಾಡಿಕೆಯಷ್ಟೇ ಆಗಿ ಉಳಿಯುವುದಿಲ್ಲ. ಅವನ ಮೈತೂಕಕ್ಕಿಂತ ಬೆನ್ನ ಮೇಲಿನ ತೂಕವೇ ಹೆಚ್ಚಿರುವುದೂ ಉಂಟು. ಗೋದಾಮಿನ ಸುರಕ್ಷತೆಯ ಮಾತು ಬಂದಾಗ ನಾವು ಹೆಲ್ಮೆಟ್ಟು, ಬೂಟು, ಗೋಡೆಯ ಮೇಲಿನ ಎಚ್ಚರಿಕೆಯ ಫಲಕ, ಬಗ್ಗುವ ಕ್ರಮದ ತರಬೇತಿ ಇವುಗಳನ್ನೇ ಮುಂದಿಡುತ್ತೇವೆ. ಇವೆಲ್ಲ ಎತ್ತುವವನಿಗೆ ಹೇಳುವ ಬುದ್ಧಿಮಾತುಗಳು. ಅವನು ಗೋದಾಮಿನ ಬಾಗಿಲಿಗೆ ಬರುವ ಮೊದಲೇ ಮೂರು ಸಂಗತಿಗಳು ತೀರ್ಮಾನವಾಗಿ ಹೋಗಿರುತ್ತವೆ: ಚೀಲದ ತೂಕ, ಕೂಲಿಯ ಲೆಕ್ಕ, ಪೇರಿಸಿದ ಚೀಲಗಳ ನಿಟ್ಟಿನ ಎತ್ತರ. ಈ ಮೂರನ್ನೂ ತೀರ್ಮಾನಿಸುವವರು ಚೀಲ ಮುಟ್ಟುವವರಲ್ಲ. ಗೋದಾಮಿನಲ್ಲಿ ಯಾರ ಸೊಂಟ ಉಳಿಯುತ್ತದೆ, ಯಾರದು ಹೋಗುತ್ತದೆ ಎಂಬುದು ಬಹುಪಾಲು ನಿರ್ಧಾರವಾಗುವುದು ಅಲ್ಲೇ. ಅದರಲ್ಲೂ ಮೊದಲು ಬದಲಾಗಬೇಕಾದದ್ದು ಚೀಲದ ತೂಕ ಎಂಬುದು ನನ್ನ ವಾದ.

ಮೊದಲು ದೇಹದ ಲೆಕ್ಕ ನೋಡೋಣ. ನೆಲದ ಮೇಲಿರುವ ಚೀಲವನ್ನು ಬಗ್ಗಿ ಎತ್ತುವಾಗ ನಮ್ಮ ಸೊಂಟದ ಕೀಲು ತಕ್ಕಡಿಯ ನಡುಮುಳ್ಳಿನಂತೆ ಕೆಲಸ ಮಾಡುತ್ತದೆ. ಚೀಲ ಆ ಕೀಲಿನಿಂದ ಮುಂದಕ್ಕೆ ಸುಮಾರು 40 ಸೆಂಟಿಮೀಟರ್ ದೂರದಲ್ಲಿರುತ್ತದೆ; ಅದನ್ನು ಸರಿದೂಗಿಸಬೇಕಾದ ಬೆನ್ನಿನ ಸ್ನಾಯು ಕೀಲಿನ ಹಿಂದೆ ಬರೀ 5 ಸೆಂಟಿಮೀಟರ್ ಅಂತರದಲ್ಲಿದೆ. ಅಂದರೆ ಸ್ನಾಯು ಎಂಟು ಪಟ್ಟು ಬಲ ಹಾಕಬೇಕು. 50 ಕಿಲೋದ ಚೀಲವನ್ನು ಒಬ್ಬನೇ ಎತ್ತಿದರೆ ಸ್ನಾಯುವಿನ ಸೆಳೆತದಿಂದಲೇ ಸೊಂಟದ ಬಿಲ್ಲೆಗಳ ಮೇಲೆ 400 ಕಿಲೋ ತೂಕವಿಟ್ಟಷ್ಟು ಒತ್ತಡ ಬೀಳುತ್ತದೆ. ಬಗ್ಗಿದ ಮುಂಡದ ಸ್ವಂತ ಭಾರವನ್ನು ಇನ್ನೂ ಸೇರಿಸಿಲ್ಲ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯಾದ ನಯಾಷ್ ಈ ಒತ್ತಡ 3,400 ನ್ಯೂಟನ್, ಅಂದರೆ ಸುಮಾರು 350 ಕಿಲೋ ತೂಕದಷ್ಟು, ದಾಟಬಾರದು ಎಂದು ಇಟ್ಟುಕೊಂಡಿದೆ. ನಮ್ಮ ಮಂಡಿಗಳಲ್ಲಿ ಸಾಮಾನ್ಯವಾಗಿ ಇಬ್ಬರು ಎರಡು ಕಡೆ ಮೂಲೆ ಹಿಡಿದು, ಕೆಲವೊಮ್ಮೆ ಕೊಕ್ಕೆ ಹಾಕಿ, ಚೀಲವನ್ನು ತೂಗಿ ಮೂರನೆಯವನ ಬೆನ್ನಿಗೋ ಹೆಗಲಿಗೋ ಕೊಡುತ್ತಾರೆ. ಇದು ಅನುಭವದಿಂದ ಬಂದ ಜಾಣತನ, ಅದರಿಂದ ಒಬ್ಬೊಬ್ಬರ ಪಾಲು ಅರ್ಧವಾಗುತ್ತದೆ ನಿಜ. ಆದರೆ 75 ಕಿಲೋದ ಚೀಲವಾದರೆ ಅರ್ಧವೆಂದರೂ ಮೂವತ್ತೇಳೂವರೆ ಕಿಲೋ. ಎಂಟು ಪಟ್ಟು ಮಾಡಿದರೆ 300 ಕಿಲೋ. ಮುಂಡದ ಭಾರ ಕೂಡಿಸಿದೊಡನೆ ಮಿತಿ ದಾಟಿತು. ಇದು ಒಂದು ಸಲದ ಲೆಕ್ಕ. ಹತ್ತು ಟನ್ನಿನ ಒಂದು ಲಾರಿಯಲ್ಲಿ 50 ಕಿಲೋದ 200 ಚೀಲಗಳಿರುತ್ತವೆ. ಐದು ಜನರ ತಂಡ ಅದನ್ನು ಇಳಿಸಿದರೆ ತಲೆಗೆ 40 ಚೀಲ, 2 ಟನ್. ದಿನಕ್ಕೆ ಇಂಥ ಎರಡು ಮೂರು ಲಾರಿ ಬಂದರೆ ಅದನ್ನು ಯಾರೂ ವಿಶೇಷವೆಂದು ಭಾವಿಸುವುದಿಲ್ಲ.

ಇದೇ ನಯಾಷ್ ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಒಂದು ಸೂತ್ರವಿದೆ. ಜಗತ್ತಿನ ಬಹಳ ಕಡೆ ಸುರಕ್ಷತಾ ಎಂಜಿನಿಯರುಗಳು ಅದನ್ನು ಬಳಸುತ್ತಾರೆ. ಎಲ್ಲವೂ ಅನುಕೂಲಕರವಾಗಿದ್ದಾಗ, ಅಂದರೆ ವಸ್ತು ಮೈಗೆ ತಾಗಿದಂತೆ, ಬೆರಳಗಂಟಿನ ಎತ್ತರದಲ್ಲಿ, ಹಿಡಿಕೆಯ ಸಮೇತ ಇದ್ದಾಗ, ಎತ್ತಬಹುದಾದ ಗರಿಷ್ಠ ತೂಕ 23 ಕಿಲೋ ಎಂದು ಅದು ಶುರುಮಾಡುತ್ತದೆ. ಆಮೇಲೆ ಪ್ರತಿ ಅನನುಕೂಲಕ್ಕೂ ಕಡಿತ. ಗೋಣಿಚೀಲದ ವಿಷಯಕ್ಕೇ ಅನ್ವಯಿಸಿ ನೋಡಬಹುದು. ಚೀಲ ಪಾದದಿಂದ 40 ಸೆಂಟಿಮೀಟರ್ ಮುಂದೆ ಇದ್ದರೆ 0.625ರಿಂದ ಗುಣಿಸಬೇಕು. ಕೈ ಹಿಡಿಯುವ ಜಾಗ ನೆಲದಿಂದ ಒಂದು ಗೇಣಿನಷ್ಟೇ ಮೇಲಿದ್ದರೆ 0.835ರಿಂದ. 80 ಸೆಂಟಿಮೀಟರ್ ಎತ್ತಿದರೆ 0.876ರಿಂದ. ಪಕ್ಕಕ್ಕೆ 45 ಡಿಗ್ರಿ ತಿರುಗಿದರೆ 0.856ರಿಂದ. ಹಿಡಿಕೆ ಇಲ್ಲದ್ದಕ್ಕೆ 0.90ರಿಂದ. ಎಲ್ಲ ಗುಣಿಸಿದರೆ ಕೈಗೆ ಬರುವುದು ಸುಮಾರು 8 ಕಿಲೋ. ನಿಮಿಷಕ್ಕೆ ಎಷ್ಟು ಸಲ ಎತ್ತುತ್ತಾನೆ ಎಂಬ ಕಡಿತ ಇನ್ನೂ ಬಾಕಿ. ಬ್ರಿಟನ್ನಿನ ಸುರಕ್ಷತಾ ಇಲಾಖೆಯ ಮಾರ್ಗಸೂಚಿಯೂ ಇಲ್ಲಿಗೆ ಹತ್ತಿರದಲ್ಲೇ ಇದೆ: ಸೊಂಟದ ಮಟ್ಟದಲ್ಲಿ ಮೈಗೆ ಒತ್ತಿ ಹಿಡಿದರೆ ಗಂಡಸಿಗೆ 25 ಕಿಲೋ, ಹೆಂಗಸಿಗೆ 16, ಗಂಡಸು ನೆಲಮಟ್ಟದಿಂದ ಎತ್ತುವುದಾದರೆ 10. ನಯಾಷ್ ಸೂತ್ರಕ್ಕೂ ಮಿತಿಯಿದೆ. ಎರಡು ಕೈಯಿಂದ ಎತ್ತುವ ಕೆಲಸಕ್ಕಾಗಿ ರೂಪಿಸಿದ್ದು ಅದು. ಬೆನ್ನಿನ ಮೇಲೆ, ತಲೆಯ ಮೇಲೆ ಹೊರುವ ಕೆಲಸಕ್ಕೆ ಅದನ್ನು ನೇರವಾಗಿ ಹಚ್ಚಲಾಗದು. ಹೊರೆ ತಲೆಯ ಮೇಲಿದ್ದರೆ ಸೊಂಟದ ಸನ್ನೆಬಲದ ಕಾಟ ಕಡಿಮೆ ಎಂಬುದೂ ನಿಜ. ಆದರೆ ಆಗ ಭಾರ ಕತ್ತಿನ ಮೂಳೆಗಳಿಗೆ ಹೋಗುತ್ತದೆ. ಘಾನಾ ದೇಶದಲ್ಲಿ ತಲೆಹೊರೆ ಹೊರುವವರನ್ನೂ ಹೊರದವರನ್ನೂ ಹೋಲಿಸಿ 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೊರುವವರ ಕತ್ತಿನ ಮೂಳೆ ಸವೆತ ಗಣನೀಯವಾಗಿ ಹೆಚ್ಚಿತ್ತು. ಭಾರಕ್ಕೆ ದಾರಿ ಬದಲಾಗುತ್ತದೆ, ಅಷ್ಟೇ.

ತರಬೇತಿ ಕೊಟ್ಟರಾಯಿತಲ್ಲ ಎಂಬುದು ಈ ವಾದಕ್ಕೆ ಬರುವ ಮೊದಲ ಉತ್ತರ. ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು, ವಸ್ತುವನ್ನು ಮೈಗೆ ಹತ್ತಿರ ಹಿಡಿದು ಎತ್ತಿ ಎಂಬ ಚಿತ್ರಪಟ ಇಲ್ಲದ ದೊಡ್ಡ ಗೋದಾಮು ಇಂದು ಅಪರೂಪ. ಇದರ ಫಲವನ್ನು ಪರೀಕ್ಷಿಸಿದವರಿದ್ದಾರೆ. 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಸಮೀಕ್ಷೆಯೊಂದು, ಅದುವರೆಗಿನ ಒಳ್ಳೆಯ ಪ್ರಯೋಗಗಳನ್ನೆಲ್ಲ ಒಟ್ಟಿಗಿಟ್ಟು ನೋಡಿ, ಎತ್ತುವ ಕ್ರಮದ ತರಬೇತಿಯಿಂದ ಬೆನ್ನುನೋವು ತಪ್ಪುತ್ತದೆ ಎನ್ನಲು ಆಧಾರ ಸಿಗಲಿಲ್ಲ ಎಂದು ಹೇಳಿತು. ಸೊಂಟಕ್ಕೆ ಕಟ್ಟುವ ಅಗಲ ಪಟ್ಟಿಯ ಕಥೆಯೂ ಅದೇ. ಅಮೆರಿಕದ ಸುಮಾರು 160 ಮಳಿಗೆಗಳಲ್ಲಿ ಸರಕು ಸಾಗಿಸುವ ಸಾವಿರಾರು ಕೆಲಸಗಾರರನ್ನು ಗಮನಿಸಿ 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪಟ್ಟಿ ಕಟ್ಟಿದವರಿಗೂ ಕಟ್ಟದವರಿಗೂ ಬೆನ್ನಿನ ಪೆಟ್ಟಿನ ವಿಷಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. 50 ಕಿಲೋದ ಉಬ್ಬಿದ ಚೀಲವನ್ನು ಎರಡು ಮಂಡಿಗಳ ನಡುವೆ ತಂದು ಮೈಗೆ ಒತ್ತಿ ಹಿಡಿಯುವುದು ಚಿತ್ರಪಟದ ಪೆಟ್ಟಿಗೆಯಷ್ಟು ಸುಲಭವಲ್ಲ. ಲಾರಿಯ ಮೂಲೆಯಲ್ಲಿ ಮಂಡಿ ಬಗ್ಗಿಸಲು ಜಾಗವೂ ಇರುವುದಿಲ್ಲ. ಮೂವತ್ತನೆಯ ಚೀಲದ ಹೊತ್ತಿಗೆ ತೊಡೆ ಸೋತು ಬೆನ್ನು ತಾನಾಗಿಯೇ ಬಾಗುತ್ತದೆ. ತರಬೇತಿ ಬೇಡವೆಂದು ನಾನು ಹೇಳುತ್ತಿಲ್ಲ. ನಿಟ್ಟು ಕಟ್ಟುವ ಕ್ರಮ, ಯಂತ್ರ ನಡೆಸುವ ವಿದ್ಯೆ, ಬೆಂಕಿ ಬಿದ್ದಾಗ ಹೊರಬರುವ ದಾರಿ ಇವನ್ನು ಕಲಿಸಲೇಬೇಕು. ಆದರೆ ತಪ್ಪು ತೂಕವನ್ನು ಸರಿಯಾದ ಭಂಗಿಯಿಂದ ಸರಿಪಡಿಸಬಹುದು ಎಂಬ ನಂಬಿಕೆಗೆ ಆಧಾರವಿಲ್ಲ. ಪೆಟ್ಟಾದಾಗ ತಪ್ಪನ್ನು ಬಿದ್ದವನ ಮೇಲೆ ಹಾಕಲು ಮಾತ್ರ ಅದು ಚೆನ್ನಾಗಿ ನೆರವಾಗುತ್ತದೆ.

ಕಾನೂನು ಏನು ಹೇಳುತ್ತದೆ? ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಗರಿಷ್ಠ ತೂಕದ ಬಗ್ಗೆ 127ನೇ ಒಡಂಬಡಿಕೆಯನ್ನು ಅಂಗೀಕರಿಸಿತು. ಅದರ ಜೊತೆಗಿನ ಶಿಫಾರಸು ವಯಸ್ಕ ಗಂಡಸಿಗೆ 55 ಕಿಲೋ ಎಂಬ ಮೇಲ್ಮಿತಿ ಹಾಕಿತು. ಭಾರತ ಆ ಒಡಂಬಡಿಕೆಯನ್ನು ಅನುಮೋದಿಸಿಲ್ಲ. 2025ರವರೆಗೆ ಜಾರಿಯಲ್ಲಿದ್ದ ನಮ್ಮ 1948ರ ಕಾರ್ಖಾನೆ ಕಾಯ್ದೆಯ 34ನೇ ಕಲಂ, ಗಾಯವಾಗುವ ಸಂಭವವಿರುವಷ್ಟು ಭಾರವನ್ನು ಯಾರಿಂದಲೂ ಎತ್ತಿಸಬಾರದು ಎಂದು ಹೇಳಿ, ಅಂಕಿ ನಿಗದಿ ಮಾಡುವ ಅಧಿಕಾರವನ್ನು ರಾಜ್ಯಗಳಿಗೆ ಬಿಟ್ಟಿತು. ಮಾತು ಒಳ್ಳೆಯದೇ. ಆದರೆ ಅದು ಕಾರ್ಖಾನೆಯ ಕಾಯ್ದೆಯಾಗಿತ್ತು. ವಸ್ತುವನ್ನು ತಯಾರಿಸದೆ ಕೇವಲ ಕೂಡಿಡುವ ಗೋದಾಮು ಅದರ ಕಣ್ಣಿಗೆ ಕಾರ್ಖಾನೆಯಾಗಿರಲಿಲ್ಲ. ವಿಚಿತ್ರವೆಂದರೆ ಶೀತಲ ಗೃಹದಲ್ಲಿ ದಾಸ್ತಾನು ಮಾಡುವುದನ್ನು ಅದೇ ಕಾಯ್ದೆ ತಯಾರಿಕೆಯ ಪ್ರಕ್ರಿಯೆ ಎಂದು ಎಣಿಸುತ್ತಿತ್ತು. ಹೀಗಾಗಿ ಶೀತಲ ಗೃಹದಲ್ಲಿ ಒಣಮೆಣಸಿನಕಾಯಿ ಚೀಲ ಹೊರುವವನಿಗೆ ಸಿಗಬಹುದಾಗಿದ್ದ ರಕ್ಷಣೆ, ಎದುರುಗಡೆಯ ಮಾಮೂಲಿ ಗೋದಾಮಿನಲ್ಲಿ ಅದೇ ಚೀಲ ಹೊರುವವನಿಗೆ ಸಿಗದೆ ಹೋಯಿತು. ಜೊತೆಗೆ ಇನ್ನೊಂದು ತೊಡಕು ಇದೆ. ಎಪಿಎಂಸಿಯ ಹಮಾಲಿ ಬೆಳಿಗ್ಗೆ ಒಂದು ದಲಾಲಿ ಅಂಗಡಿಯ ಚೀಲ ಹೊತ್ತು ಮಧ್ಯಾಹ್ನ ಇನ್ನೊಂದು ಅಂಗಡಿಯ ಲಾರಿ ತುಂಬುತ್ತಾನೆ. ಅವನ ಮಾಲೀಕ ಯಾರು? ಇಪ್ಪತ್ತು ವರ್ಷ ಸವೆದ ಬೆನ್ನಿಗೆ ಯಾವ ಅಂಗಡಿ ಹೊಣೆ? ಕೈ ಮುರಿದರೆ ದಿನಾಂಕವಿರುತ್ತದೆ, ಸಾಕ್ಷಿಯಿರುತ್ತದೆ; ಸವೆತಕ್ಕೆ ಎರಡೂ ಇಲ್ಲ. ಈ ತೊಡಕನ್ನು ಮಹಾರಾಷ್ಟ್ರ 1969ರ ಮಾಥಾಡಿ ಕಾಯ್ದೆಯಿಂದಲೂ ಕೇರಳ 1978ರ ತಲೆಹೊರೆ ಕಾರ್ಮಿಕರ ಕಾಯ್ದೆಯಿಂದಲೂ ತಕ್ಕಮಟ್ಟಿಗೆ ಬಿಡಿಸಿಕೊಂಡವು: ಕೆಲಸಗಾರನ ಹೆಸರು ಮಂಡಳಿಯಲ್ಲಿ ನೋಂದಣಿಯಾಗುತ್ತದೆ, ಕೂಲಿ ಮಂಡಳಿಯ ಮೂಲಕ ಬರುತ್ತದೆ, ವರ್ತಕರೆಲ್ಲ ಸೇರಿ ಕಲ್ಯಾಣ ನಿಧಿಗೆ ಹಣ ಕಟ್ಟುತ್ತಾರೆ. ಕರ್ನಾಟಕದಲ್ಲಿ ಹಮಾಲರಿಗೆ ಮಾರುಕಟ್ಟೆ ಸಮಿತಿಯ ಲೈಸೆನ್ಸ್ ಉಂಟು, ಅಸಂಘಟಿತ ಕಾರ್ಮಿಕರ ಮಂಡಳಿಯ ಸ್ಮಾರ್ಟ್ ಕಾರ್ಡೂ ಉಂಟು. ಅಂಥ ಗಟ್ಟಿಯಾದ ಮಂಡಳಿ ಇನ್ನೂ ಇಲ್ಲ. ಇದನ್ನು ನಾನು ದೊಡ್ಡ ಕೊರತೆ ಎಂದೇ ಭಾವಿಸುತ್ತೇನೆ.

ಕೂಲಿಯ ಲೆಕ್ಕ ಎರಡನೆಯ ತೀರ್ಮಾನ. ಚೀಲಕ್ಕೆ ಇಷ್ಟು ಎಂಬ ದರದಲ್ಲಿ ಚೀಲ ದೊಡ್ಡದಾದಷ್ಟೂ ಹೊರೆಸುವವನಿಗೆ ಲಾಭ. ಒಂದೇ ಹಮಾಲಿ ದರಕ್ಕೆ 50ರ ಬದಲು 60 ಕಿಲೋ ಸಾಗುತ್ತದೆ. ಕ್ವಿಂಟಲಿಗೆ ಇಷ್ಟು ಎಂದರೆ ಆ ಆಸೆ ತಪ್ಪುತ್ತದೆ, ಆದರೆ ಬೇಗ ಬೇಗ ಮುಗಿಸುವ ಅವಸರ ಹಾಗೆಯೇ ಉಳಿಯುತ್ತದೆ. ಲಾರಿ ಚಾಲಕನಿಗೆ ಹೊರಡುವ ಆತುರ, ತಂಡಕ್ಕೆ ಮುಂದಿನ ಲಾರಿ ಕೈತಪ್ಪೀತೆಂಬ ಚಿಂತೆ. ವಿಶ್ರಾಂತಿ ತೆಗೆದುಕೊಂಡ ಹತ್ತು ನಿಮಿಷವೂ ನಷ್ಟವಾಗುವ ವ್ಯವಸ್ಥೆಯಲ್ಲಿ ನಿಧಾನಿಸು ಎಂಬ ಸಲಹೆಗೆ ಅರ್ಥವಿಲ್ಲ. ಇದು ಹಳೇ ಮಂಡಿಗಳ ಕಥೆ ಮಾತ್ರ ಎಂದುಕೊಳ್ಳಬೇಕಿಲ್ಲ. ಹೊಸಕೋಟೆ, ನೆಲಮಂಗಲದ ಆಸುಪಾಸಿನಲ್ಲಿ ಎದ್ದಿರುವ ಆನ್‌ಲೈನ್ ವ್ಯಾಪಾರದ ಬೃಹತ್ ಗೋದಾಮುಗಳಲ್ಲಿ ಪೆಟ್ಟಿಗೆ ಹಗುರ, ನೆಲ ನಯ, ಬೆಳಕು ಧಾರಾಳ. ಆದರೆ ಇಂಥ ಗೋದಾಮುಗಳಲ್ಲಿ ಗಂಟೆಗೆ ಎಷ್ಟು ವಸ್ತು ಎಂಬ ಗುರಿಯನ್ನು ಯಂತ್ರವೇ ಎಣಿಸಬಲ್ಲದು. ಹಗುರವಾದದ್ದನ್ನೂ ಬಿಡುವಿಲ್ಲದೆ ಸಾವಿರ ಸಲ ಎತ್ತಿದರೆ ಹೆಗಲು, ಮಣಿಕಟ್ಟು ಸೋಲುತ್ತವೆ. ಕ್ಯಾಲಿಫೋರ್ನಿಯಾ ರಾಜ್ಯ 2022ರ ಜನವರಿಯಿಂದ ಜಾರಿಗೆ ತಂದ ಕಾಯ್ದೆಯ ಪ್ರಕಾರ ಗೋದಾಮಿನ ಕೆಲಸಗಾರನಿಗೆ ಅವನ ಗುರಿಯೆಷ್ಟು ಎಂದು ಬರವಣಿಗೆಯಲ್ಲಿ ತಿಳಿಸಬೇಕು. ಊಟದ ಬಿಡುವು, ಶೌಚಕ್ಕೆ ಹೋಗುವುದು, ಸುರಕ್ಷತೆಯ ನಿಯಮ ಇವಕ್ಕೆ ಅಡ್ಡಬರುವ ಗುರಿಯನ್ನು ಇಡುವಂತಿಲ್ಲ. ವೇಗವೂ ಸುರಕ್ಷತೆಯ ವಿಷಯ ಎಂದು ಕಾನೂನು ಒಪ್ಪಿಕೊಂಡದ್ದು ಇಲ್ಲಿ ಮುಖ್ಯ.

ಮೂರನೆಯದು ನಿಟ್ಟಿನ ಎತ್ತರ. ಇಲ್ಲಿ ಸವೆತದ ಮಾತಿಲ್ಲ, ಜೀವದ ಮಾತೇ. 2023ರ ಡಿಸೆಂಬರಿನಲ್ಲಿ ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಘಟಕವೊಂದರಲ್ಲಿ ದಾಸ್ತಾನು ಕುಸಿದು, ಬಿಹಾರದಿಂದ ದುಡಿಯಲು ಬಂದಿದ್ದ ಏಳು ಮಂದಿ ಮೆಕ್ಕೆಜೋಳದಡಿ ಸಿಲುಕಿ ಸತ್ತರು. ಕಾಳು ನೀರಿನಂತೆ ಹರಿಯುತ್ತದೆ, ಆದರೆ ನೀರಿನಂತೆ ಈಜಲು ಬಿಡುವುದಿಲ್ಲ. ಎದೆಮಟ್ಟ ಹೂತವನನ್ನು ಹೊರಗಿನವರು ಎಳೆದರೂ ಬರುವುದಿಲ್ಲ. ಚೀಲದ ನಿಟ್ಟು ಬೀಳುವ ಬಗೆ ಬೇರೆ, ಅದನ್ನು ಬಲ್ಲವರು ಬಲ್ಲರು. ಜಾಗ ಉಳಿಸಲು ಎತ್ತರಕ್ಕೆ ಕಟ್ಟುತ್ತಾರೆ. ಒಂದು ಸಾಲು ಉದ್ದಕ್ಕೆ, ಮುಂದಿನ ಸಾಲು ಅಡ್ಡಕ್ಕೆ ಇಟ್ಟು ಕಚ್ಚು ಕೂರಿಸಿದರೆ ನಿಟ್ಟು ನಿಲ್ಲುತ್ತದೆ. ಅವಸರದಲ್ಲಿ ಒಂದರ ಮೇಲೊಂದು ನೇರವಾಗಿ ಪೇರಿಸಿದರೆ ಅಂಚಿನ ಕಂಬಗಳು ಪ್ರತ್ಯೇಕವಾಗಿ ನಿಲ್ಲುತ್ತವೆ, ಪ್ರತ್ಯೇಕವಾಗಿಯೇ ಬೀಳುತ್ತವೆ. ಗೋಣಿಯ ಒರಟು ಮೈ ಒಂದಕ್ಕೊಂದು ಹಿಡಿದುಕೊಳ್ಳುತ್ತದೆ, ಪ್ಲಾಸ್ಟಿಕ್ ನೇಯ್ಗೆಯ ಚೀಲ ಜಾರುತ್ತದೆ. ತೇವ ತಗುಲಿದ ಅಡಿಸಾಲು ಮೆತ್ತಗಾಗಿ ಒಂದು ಕಡೆ ಕುಸಿಯುತ್ತದೆ. ಎಲ್ಲಕ್ಕಿಂತ ಅಪಾಯದ್ದು ಇಳಿಸುವ ಹೊತ್ತು. ಮೇಲಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕಾದ ನಿಟ್ಟನ್ನು, ಬೇಗ ಆಗಲೆಂದು ಎದುರುಮುಖದಿಂದ ಕೊಕ್ಕೆ ಹಾಕಿ ಎಳೆಯುತ್ತಾರೆ; ನಡುವೆ ಗುಳಿ ಬೀಳುತ್ತದೆ, ಮೇಲಿನ ಸಾಲುಗಳು ಮುಂದಕ್ಕೆ ವಾಲುತ್ತವೆ. 50 ಕಿಲೋದ ಒಂದು ಚೀಲ ಮೂರಾಳು ಎತ್ತರದಿಂದ ಬಿದ್ದರೆ ಹೆಲ್ಮೆಟ್ಟು ಏನೂ ಮಾಡಲಾರದು. ನಿಟ್ಟು ಎಷ್ಟು ಎತ್ತರ, ನಡುವೆ ಎಷ್ಟು ಓಣಿ, ಅಡಿಗೆ ಮರದ ಹಲಗೆಯೋ ಬರೀ ನೆಲವೋ ಎಂದು ತೀರ್ಮಾನಿಸುವವನು ಗೋದಾಮಿನ ಬಾಡಿಗೆ ಲೆಕ್ಕ ಹಾಕುವವನು.

ಹಾಗಾದರೆ ಸರಿಯಾದ ತೂಕ ಯಾವುದು? ಸರಕು ಸಾಗಣೆಯ ಕಳೆದ ನೂರು ವರ್ಷದ ಇತಿಹಾಸವನ್ನು ನೋಡಿದರೆ ಎರಡು ಉತ್ತರಗಳು ಕಾಣುತ್ತವೆ: ಒಬ್ಬ ಮನುಷ್ಯ ಆಯಾಸವಿಲ್ಲದೆ ಎತ್ತುವಷ್ಟು ಹಗುರ, ಇಲ್ಲವೇ ಯಾವ ಮನುಷ್ಯನೂ ಎತ್ತಲು ಹೋಗದಷ್ಟು ಭಾರ. ಅಪಾಯವಿರುವುದು ಇವೆರಡರ ನಡುವೆ, ಗಟ್ಟಿಮುಟ್ಟಾದ ಆಳು ಹೊರಬಲ್ಲ ಆದರೆ ಹೊರಬಾರದ 40ರಿಂದ 100 ಕಿಲೋದ ವ್ಯಾಪ್ತಿಯಲ್ಲಿ. ನಮ್ಮ ವ್ಯಾಪಾರವೆಲ್ಲ ನೆಲೆಯೂರಿರುವುದು ಅಲ್ಲಿಯೇ. ಬ್ರಿಟನ್ನಿನಲ್ಲಿ ಒಂದು ಕಾಲಕ್ಕೆ ಸಿಮೆಂಟು 50 ಕಿಲೋ ಚೀಲದಲ್ಲೇ ಬರುತ್ತಿತ್ತು. 1992ರಲ್ಲಿ ಬಂದ ನಿಯಮಗಳು ಕೈಯಿಂದ ಎತ್ತುವ ಅಪಾಯದ ಕೆಲಸವನ್ನು ಸಾಧ್ಯವಾದಷ್ಟು ತಪ್ಪಿಸು, ತಪ್ಪದಿದ್ದರೆ ಅಳೆ, ಅಳೆದು ತಗ್ಗಿಸು ಎಂದು ಮಾಲೀಕನ ಮೇಲೆ ಕರ್ತವ್ಯ ಹೊರಿಸಿದವು. ಕ್ರಮೇಣ 25 ಕಿಲೋ ಚೀಲವೇ ಅಲ್ಲಿನ ರೂಢಿಯಾಯಿತು. ಕಟ್ಟಡ ಕಟ್ಟುವುದು ಅಲ್ಲಿ ನಿಂತುಹೋಗಲಿಲ್ಲ. ಇನ್ನೊಂದು ದಾರಿ ಬಂದರುಗಳಲ್ಲಿ ತೆರೆದುಕೊಂಡದ್ದು. 1956ರ ಏಪ್ರಿಲ್ 26ರಂದು ಮ್ಯಾಲ್ಕಮ್ ಮೆಕ್ಲೀನ್ ಅವರ ಹಡಗು 58 ಕಂಟೇನರುಗಳನ್ನು ಹೊತ್ತು ನ್ಯೂಆರ್ಕಿನಿಂದ ಹ್ಯೂಸ್ಟನ್ನಿಗೆ ಹೊರಟ ಮೇಲೆ, ಹಡಗಿನ ಹೊಟ್ಟೆಯಿಂದ ಚೀಲ ಹೊತ್ತು ತರುವ ಕೆಲಸ ಒಂದೆರಡು ದಶಕದಲ್ಲಿ ಬಹುಪಾಲು ಮಾಯವಾಯಿತು. ಒಂದು ಟನ್ನಿನ ಜಂಬೋ ಚೀಲ, ಪ್ಯಾಲೆಟ್ಟಿನ ಮೇಲೆ ಕಟ್ಟಿದ ನಲವತ್ತು ಚೀಲಗಳ ಕಟ್ಟು, ಪಂಜಾಬಿನ ಮೋಗಾದಲ್ಲಿರುವಂತೆ ಗೋಧಿಯನ್ನು ಚೀಲವಿಲ್ಲದೆ ಬಿಡಿಯಾಗಿ ಶೇಖರಿಸುವ ಉಕ್ಕಿನ ಸೈಲೋ ಇವೆಲ್ಲ ಅದೇ ದಾರಿಯವು.

ಯಂತ್ರ ಬಂದರೆ ಅಪಾಯ ಹೋಯಿತು ಎಂದು ಮಾತ್ರ ಯಾರೂ ತಿಳಿಯಬಾರದು. ಫೋರ್ಕ್‌ಲಿಫ್ಟ್ ನೋಡಲು ಸಾಧು ವಾಹನ. ಮುಂದಿನ ಚೂಪುಗಳ ಮೇಲಿನ ಭಾರಕ್ಕೆ ಹಿಂದಿನ ಉಕ್ಕಿನ ಭಾರ ಎದುರು. ಎರಡರ ಸಮತೂಕದ ಮೇಲೆ ಅದು ನಿಂತಿದೆ. ಅದರ ಫಲಕದ ಮೇಲೆ ಬರೆದ ಸಾಮರ್ಥ್ಯ ಸರಕಿನ ಗುರುತ್ವಕೇಂದ್ರ ಚೂಪಿನ ಬುಡದಿಂದ ಇಂತಿಷ್ಟೇ ದೂರ, ಸಾಮಾನ್ಯವಾಗಿ 500 ಮಿಲಿಮೀಟರ್, ಇದ್ದಾಗ ಮಾತ್ರ ಸರಿ. ಉದ್ದನೆಯ ಪೆಟ್ಟಿಗೆಯಾದರೆ ಅದೇ ಯಂತ್ರ ಕಡಿಮೆ ತೂಕವನ್ನಷ್ಟೇ ಎತ್ತಬಲ್ಲದು. ಸರಕನ್ನು ಮೇಲೆತ್ತಿಕೊಂಡು ತಿರುವಿನಲ್ಲಿ ತಿರುಗಿಸಿದರೆ ಪಕ್ಕಕ್ಕೆ ಮಗುಚುತ್ತದೆ. ಆಗ ಚಾಲಕ ಹೊರಗೆ ಹಾರಲು ನೋಡುತ್ತಾನೆ, ತಲೆಯ ಮೇಲಿನ ಚೌಕಟ್ಟು ಅವನ ಮೇಲೆಯೇ ಬೀಳುತ್ತದೆ. ಬೆಲ್ಟ್ ಕಟ್ಟಿಕೊಂಡು ಕೂತಲ್ಲೇ ಕೂತವನಿಗೆ ಉಳಿಯುವ ಅವಕಾಶ ಹೆಚ್ಚು. ಹಿಂದಿನ ಚಕ್ರದಿಂದ ತಿರುಗುವ ವಾಹನವಾದ್ದರಿಂದ ಅದರ ಬಾಲ ಅನಿರೀಕ್ಷಿತವಾಗಿ ಬೀಸುತ್ತದೆ, ಪಕ್ಕದಲ್ಲಿ ನಡೆಯುವವನು ಗೋಡೆಗೆ ಸಿಕ್ಕಿಕೊಳ್ಳುತ್ತಾನೆ. ಹಳೆಯ ಗೋದಾಮಿನ ಇಕ್ಕಟ್ಟಾದ ಓಣಿಯಲ್ಲಿ, ಹಮಾಲರು ಚೀಲ ಹೊತ್ತು ಓಡಾಡುವ ದಾರಿಯಲ್ಲೇ ಇದನ್ನು ಓಡಿಸಿದರೆ ಇದ್ದ ಅಪಾಯದ ಮೇಲೆ ಇನ್ನೊಂದನ್ನು ಪೇರಿಸಿದಂತೆ. ಆದ್ದರಿಂದ ಯಂತ್ರ ತರುವವರು ದಾರಿಯನ್ನೂ ಬೇರ್ಪಡಿಸಬೇಕು, ನೆಲವನ್ನೂ ಸಮ ಮಾಡಬೇಕು, ಚಾಲಕನಿಗೆ ಕಲಿಸಿ ಪರೀಕ್ಷಿಸಬೇಕು. ಅದಕ್ಕೆ ಹಣವಿಲ್ಲದ ಕಡೆ ಅಗ್ಗದ ಉಪಾಯಗಳಿವೆ: ಲಾರಿಯ ಮಟ್ಟಕ್ಕೆ ಸರಿಹೊಂದುವ ಕಟ್ಟೆ, ಎರಡು ಚಕ್ರದ ಕೈಗಾಡಿ, ಚೀಲವನ್ನು ಎತ್ತರಕ್ಕೆ ಒಯ್ಯುವ ಬೆಲ್ಟಿನ ಕನ್ವೇಯರ್. ಚೀಲ ನೆಲದಿಂದ ಏಳುವುದೇ ತಪ್ಪಿದರೆ ಅರ್ಧ ಹೋರಾಟ ಗೆದ್ದಂತೆ ಎಂಬುದು ಮೇಲಿನ ಸೂತ್ರದಿಂದಲೇ ಗೊತ್ತಾಗುತ್ತದೆ.

ಇನ್ನು ಆಕ್ಷೇಪಗಳು. ಹಮಾಲರಿಗೆ ಇದು ರೂಢಿಯಾಗಿದೆ, ಅವರ ಮೈ ಹಾಗೆ ಪಳಗಿದೆ ಎನ್ನುವವರು ಬಹಳ. ಮಂಡಿಯಲ್ಲಿ ಕಣ್ಣಿಗೆ ಬೀಳುವವರು ಇನ್ನೂ ಹೊರಬಲ್ಲವರು ಮಾತ್ರ. ಆಗದವರು ಮನೆ ಸೇರಿರುತ್ತಾರೆ, ಕಾವಲು ಕೆಲಸಕ್ಕೆ ಹೋಗಿರುತ್ತಾರೆ. ಉಳಿದವರನ್ನು ನೋಡಿ ಕೆಲಸ ನಿರಪಾಯ ಎನ್ನುವುದು ಲೆಕ್ಕದ ತಪ್ಪು. ಚೀಲ ಸಣ್ಣದಾದರೆ ಎರಡೆರಡು ಒಟ್ಟಿಗೆ ಹೊರುತ್ತಾರೆ ಎಂಬ ಆಕ್ಷೇಪ ಇದಕ್ಕಿಂತ ಗಂಭೀರ, ಏಕೆಂದರೆ ಅದು ನಿಜ. ಅವಸರದ ಕೂಲಿ ಹಾಗೇ ಉಳಿದರೆ ಖಂಡಿತ ಹೊರುತ್ತಾರೆ. ಅದಕ್ಕೇ ಚೀಲದ ಗಾತ್ರವನ್ನೂ ಕೂಲಿಯ ಲೆಕ್ಕವನ್ನೂ ಒಟ್ಟಿಗೆ ಬದಲಿಸಬೇಕೆನ್ನುವುದು. ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ: 25 ಕಿಲೋದ ಚೀಲವಿದ್ದರೆ ಐವತ್ತೈದು ವಯಸ್ಸಿನವನು, ಹಿಂದಿನ ದಿನ ಜ್ವರ ಬಂದು ಎದ್ದವನು ಒಂದನ್ನೇ ಹೊರುವ ಆಯ್ಕೆ ಇಟ್ಟುಕೊಂಡಿರುತ್ತಾನೆ. 50ರ ಚೀಲದಲ್ಲಿ ಅರ್ಧ ಹೊರಲು ಬರುವುದಿಲ್ಲ. ವರ್ತಕರು ಎತ್ತುವುದು ಖರ್ಚಿನ ಪ್ರಶ್ನೆ. ಚೀಲ ಅರ್ಧವಾದರೆ ಗೋಣಿಯ ಖರ್ಚು ಇಮ್ಮಡಿಯಾಗುತ್ತದೆ ಎಂಬ ಭಯ ಉತ್ಪ್ರೇಕ್ಷೆ. ಅದೇ ಆಕಾರದ ಚೀಲವನ್ನು ಅರ್ಧ ಗಾತ್ರಕ್ಕೆ ಇಳಿಸಿದಾಗ ಎರಡು ಚೀಲಕ್ಕೆ ಬೇಕಾಗುವ ಬಟ್ಟೆ ಹೆಚ್ಚುವುದು ನೂರಕ್ಕೆ ಸುಮಾರು 26ರಷ್ಟು. ಇದು ಬರೀ ರೇಖಾಗಣಿತ. ಹೊಲಿಗೆ, ತೂಕದ ಕೆಲಸ ಸ್ವಲ್ಪ ಹೆಚ್ಚುತ್ತದೆ ಎಂಬುದನ್ನು ಒಪ್ಪುತ್ತೇನೆ. ಆ ಖರ್ಚನ್ನು ಈಗ ಯಾರೂ ಕೊಡುತ್ತಿಲ್ಲ ಎಂದಲ್ಲ. ಹಮಾಲಿಯ ಮನೆಯವರು ಮುಲಾಮಿಗೆ, ಎಕ್ಸ್‌ರೇಗೆ, ದುಡಿಮೆಯಿಲ್ಲದ ದಿನಗಳಿಗೆ ಕೊಡುತ್ತಿದ್ದಾರೆ.

ಯಂತ್ರ ಬಂದರೆ ಕೆಲಸ ಹೋಗುತ್ತದೆ ಎಂಬ ಹಮಾಲರ ಆತಂಕವೇ ನನಗೆ ಎಲ್ಲಕ್ಕಿಂತ ತೂಕದ್ದೆನಿಸುವ ಆಕ್ಷೇಪ. ಕಂಟೇನರು ಬಂದಾಗ ಬಂದರು ಕಾರ್ಮಿಕರ ಕೆಲಸ ಹೋದದ್ದು ಸತ್ಯ. ಆದರೆ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಹ್ಯಾರಿ ಬ್ರಿಡ್ಜಸ್ ಮುಂದಾಳತ್ವದ ಸಂಘ 1960ರಲ್ಲಿ ಮಾಲೀಕರೊಡನೆ ಒಂದು ಒಪ್ಪಂದ ಮಾಡಿಕೊಂಡಿತು: ಯಂತ್ರ ತರಲು ನಮ್ಮ ಅಡ್ಡಿಯಿಲ್ಲ, ಅದರಿಂದ ಉಳಿಯುವ ಹಣದಲ್ಲಿ ಪಾಲು ಕೊಡಿ. ವರ್ಷಕ್ಕೆ 50 ಲಕ್ಷ ಡಾಲರುಗಳ ನಿಧಿಯಿಂದ ಹಳಬರಿಗೆ ಬೇಗ ನಿವೃತ್ತಿ, ಇರುವವರಿಗೆ ಕೂಲಿಯ ಖಾತರಿ ಸಿಕ್ಕಿತು. ಆ ಒಪ್ಪಂದದಲ್ಲೂ ಕುಂದುಗಳಿದ್ದವು. ಹೊಸದಾಗಿ ಸೇರಿದ, ಪೂರ್ಣ ಸದಸ್ಯರಲ್ಲದವರಿಗೆ ಅದರ ನೆರಳು ಸರಿಯಾಗಿ ಸಿಗಲಿಲ್ಲ. ಆದರೂ ಅಲ್ಲಿ ಒಂದು ದಾರಿಯಿದೆ. ಹಮಾಲರಿಗೆ ಕೇಳುವ ಹಕ್ಕಿರುವ ಮಂಡಳಿ ಮೊದಲು, ಯಂತ್ರ ಆಮೇಲೆ ಎಂಬ ಕ್ರಮ ಇಟ್ಟುಕೊಂಡರೆ ಯಂತ್ರ ಶತ್ರುವಾಗಬೇಕಿಲ್ಲ. ಮಂಡಳಿಯಿಲ್ಲದೆ ಬರುವ ಕನ್ವೇಯರ್ ಬೆಲ್ಟಿಗೆ ಅವರು ಅಡ್ಡ ನಿಂತರೆ ನಾನು ಅವರನ್ನು ದೂರುವುದಿಲ್ಲ.

ಚೀಲದ ತೂಕ ಬದಲಿಸುವುದು ಅಸಾಧ್ಯ, ಇಡೀ ವ್ಯಾಪಾರ ಅದರ ಮೇಲೆ ನಿಂತಿದೆ ಎನ್ನುವವರಿಗೆ ನಮ್ಮಲ್ಲೇ ಉತ್ತರವಿದೆ. ಒಂದು ಕಾಲಕ್ಕೆ ಸಕ್ಕರೆಯೂ ಸರ್ಕಾರಿ ಧಾನ್ಯವೂ ಕ್ವಿಂಟಲಿನ ಆಸುಪಾಸಿನ ಚೀಲದಲ್ಲಿ ಬರುತ್ತಿದ್ದವು. ಈಗ ಎರಡೂ 50 ಕಿಲೋ. ಅದಕ್ಕಿಂತ ಸ್ಪಷ್ಟವಾದ ಉದಾಹರಣೆ ಯೂರಿಯಾ. 2018ರಲ್ಲಿ ಕೇಂದ್ರ ಸರ್ಕಾರ 50 ಕಿಲೋದ ಯೂರಿಯಾ ಚೀಲವನ್ನು 45ಕ್ಕೆ ಇಳಿಸಿತು. ರೈತರು ಎಕರೆಗೆ ಇಷ್ಟು ಚೀಲ ಎಂದು ಎಣಿಸಿ ಹಾಕುತ್ತಾರೆ, ಚೀಲ ಸಣ್ಣದಾದರೆ ಬಳಕೆ ತಾನಾಗಿ ತಗ್ಗುತ್ತದೆ ಎಂಬುದು ಅದರ ಹಿಂದಿನ ಯೋಚನೆ. ಮುಂದೆ 2024ರಲ್ಲಿ ಗಂಧಕ ಲೇಪಿತ ಯೂರಿಯಾವನ್ನು 40 ಕಿಲೋ ಚೀಲದಲ್ಲಿ ತರಲು ಒಪ್ಪಿಗೆ ಸಿಕ್ಕಿತು. ಕಾರ್ಖಾನೆ, ರೈಲ್ವೆ ರೇಕು, ಸಹಕಾರ ಸಂಘ, ಗೊಬ್ಬರದಂಗಡಿ ಎಲ್ಲವೂ ಹೊಸ ಅಳತೆಗೆ ಹೊಂದಿಕೊಂಡವು. ಮಣ್ಣಿನ ಆರೋಗ್ಯಕ್ಕಾಗಿ ಚೀಲದ ತೂಕವನ್ನು ಇಳಿಸಬಹುದಾದರೆ ಹೊರುವವನ ಆರೋಗ್ಯಕ್ಕಾಗಿ ಯಾಕಾಗದು?

ಎಲ್ಲಿಂದ ಶುರು ಮಾಡಬೇಕು ಎಂಬುದೂ ಕಠಿಣವಾದ ಪ್ರಶ್ನೆಯಲ್ಲ. ಸಾವಿರಾರು ವರ್ತಕರ ಮನವೊಲಿಸುವ ಮೊದಲು, ಎಲ್ಲರಿಗಿಂತ ದೊಡ್ಡ ಖರೀದಿದಾರ ತನ್ನ ಚೀಲವನ್ನು ಬದಲಿಸಲಿ. ಸರ್ಕಾರಿ ಧಾನ್ಯ ಖರೀದಿಗೆ ಬೇಕಾಗುವ ಗೋಣಿಚೀಲಗಳಿಗೆ ಕೋಲ್ಕತ್ತದ ಸೆಣಬು ಆಯುಕ್ತರ ಕಚೇರಿಯ ಮೂಲಕ ಬೇಡಿಕೆ ಹೋಗುತ್ತದೆ. ಚೀಲದ ಅಳತೆ ಆ ಬೇಡಿಕೆಯ ಕಾಗದದಲ್ಲೇ ಇರುತ್ತದೆ. ಅಲ್ಲಿ 50ರ ಜಾಗದಲ್ಲಿ 30 ಎಂದೋ 25 ಎಂದೋ ಬರೆದರೆ ಗಿರಣಿಗಳು ಅದನ್ನೇ ನೇಯುತ್ತವೆ, ಅಕ್ಕಿ ಗಿರಣಿಗಳು ಅದನ್ನೇ ತುಂಬುತ್ತವೆ, ನಮ್ಮ ಪ್ರತಿ ತಾಲ್ಲೂಕಿನ ಆಹಾರ ನಿಗಮದ ಸಗಟು ಮಳಿಗೆಯಲ್ಲಿ ಹಮಾಲರು ಅದನ್ನೇ ಇಳಿಸುತ್ತಾರೆ. ರಾಜ್ಯ ಸರ್ಕಾರದ ಕೈಯಲ್ಲೂ ಎರಡು ಕೆಲಸಗಳಿವೆ. ಎಪಿಎಂಸಿ ಪ್ರಾಂಗಣದೊಳಗೆ 50 ಕಿಲೋಗಿಂತ ಹೆಚ್ಚಿನ ಚೀಲವನ್ನು ಕಾಟಾದ ಮೇಲೆ ಇಡುವಂತಿಲ್ಲ ಎಂಬ ನಿಯಮ ಬರಲಿ. 75ರ ವಾಡಿಕೆಗೆ ಅಲ್ಲಿಗೆ ತೆರೆ ಬೀಳುತ್ತದೆ. ಆ ಆದೇಶ ಬರುವ ಮುನ್ನವೇ ಹಮಾಲಿ ದರ ಚೀಲದಿಂದ ಕ್ವಿಂಟಲಿಗೆ ಬದಲಾಗಿರಬೇಕು, ಹೆಚ್ಚುವ ಓಡಾಟಕ್ಕೆ ತಕ್ಕಂತೆ ಏರಿರಬೇಕು. ಇಲ್ಲದಿದ್ದರೆ ಹಗುರವಾದ ಚೀಲದೊಂದಿಗೆ ಕೂಲಿಯೂ ಹಗುರವಾಗಿ, 75 ಕಿಲೋದ ಚೀಲವೇ ಇರಲಿ ಎಂದು ಹಮಾಲರೇ ಕೇಳುವ ಸ್ಥಿತಿ ಬರುತ್ತದೆ.